ಸ್ಟೂಲ್ ಹತ್ತದವನ ಅಳತೆ

ನಮ್ಮ ಹಾಲ್‌ನ ಕಿಟಕಿ ಪಶ್ಚಿಮಕ್ಕಿದೆ. ಫ್ಲ್ಯಾಟ್ ನೋಡಲು ಬಂದಿದ್ದು ಬೆಳಗ್ಗೆ ಹತ್ತು ಗಂಟೆಗೆ. ಎಷ್ಟು ಚೆನ್ನಾಗಿ ಗಾಳಿ ಬರುತ್ತೆ, ಎಷ್ಟು ತಂಪಾಗಿದೆ ಅಂತ ಖುಷಿಪಟ್ಟು ಅಡ್ವಾನ್ಸ್ ಕೊಟ್ಟೆವು. ಮಾರ್ಚ್ ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಮೂರೂವರೆಗೆ ಆ ಕಿಟಕಿಯ ಇನ್ನೊಂದು ಮುಖ ಕಂಡಿತು. ಸೋಫಾದ ಎಡತುದಿಯಲ್ಲಿ ಕೂತವರು ಕಣ್ಣು ಬಿಡುವಂತಿಲ್ಲ. ಟಿವಿಯಲ್ಲಿ ಮ್ಯಾಚ್ ಕಾಣುವುದಿಲ್ಲ, ನಮ್ಮ ಮುಖಗಳೇ ಕಾಣುತ್ತವೆ. "ರೀ, ಇದಕ್ಕೇನಾದ್ರೂ ಮಾಡ್ತೀರೋ, ಇಲ್ಲಾ ನಾನೇ ಹಳೇ ಬೆಡ್‌ಶೀಟ್ ಕಟ್ಟಿಬಿಡ್ಲೋ?" ಅಂತ ಹೆಂಡತಿ ಕೇಳಿದಳು. ಆಮೇಲೆ ಎರಡು ವಾರ ನಿಜವಾಗಿಯೂ ಬೆಡ್‌ಶೀಟೇ ಕಟ್ಟಿದ್ದೆವು.

ಪರದೆ ಬೇಡ ಅನ್ನುವುದರಲ್ಲಿ ಇಬ್ಬರಿಗೂ ಒಂದೇ ಅಭಿಪ್ರಾಯ ಇತ್ತು. ಕಿಟಕಿಯ ಕೆಳಗೇ ಸೋಫಾ ಇದೆ, ಪರದೆ ಯಾವಾಗಲೂ ಬೆನ್ನಿಗೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಬ್ಲೈಂಡ್ಸ್. ಅದರಲ್ಲೂ ಸಾದಾ ರೋಲರ್ ಬ್ಲೈಂಡ್. ಒಂದು ಅಲ್ಯೂಮಿನಿಯಂ ಕೊಳವೆ, ಅದಕ್ಕೆ ಸುತ್ತಿದ ಬಟ್ಟೆ, ಪಕ್ಕದಲ್ಲಿ ಎಳೆಯಲು ಮಣಿಸರದಂಥ ಚೈನು. ನೋಡಿದರೆ ಎರಡು ಬ್ರಾಕೆಟ್, ನಾಲ್ಕು ಸ್ಕ್ರೂ ಕೆಲಸ. ಇಷ್ಟಕ್ಕೆ ಯಾರನ್ನೋ ಕರೆಯುವುದು ಯಾಕೆ, ನಾನೇ ಹಾಕುತ್ತೇನೆ ಅಂದೆ. ಈ ಮಾತನ್ನು ಮನೆಯವರ ಮುಂದೆ ಆಡಬಾರದಿತ್ತು.

ಬೇಕಾಗುವ ಸಾಮಾನು ಏನೇನು ಅಂತ ಹುಡುಕಿದರೆ ಎಲ್ಲ ಕಡೆ ಹೆಚ್ಚುಕಮ್ಮಿ ಅದೇ ಪಟ್ಟಿ. ಟೇಪು, ಪೆನ್ಸಿಲ್, ರಸಮಟ್ಟ, ಡ್ರಿಲ್, ಡ್ರಿಲ್ಲಿನ ಬಾಯಿಗೆ ಸಿಕ್ಕಿಸಿ ತೂತು ಕೊರೆಯುವ, ಗೋಡೆಗೆ ಹೊಂದುವ ಬಿಟ್ಟು, ಸ್ಕ್ರೂ ಹಿಡಿದುಕೊಳ್ಳಲು ತೂತಿನೊಳಗೆ ಹಾಕುವ ಪ್ಲಗ್ಗು, ಸ್ಕ್ರೂಡ್ರೈವರ್. ನನ್ನ ಹತ್ತಿರ ಯಾವುದೋ ಕಂಪನಿ ದೀಪಾವಳಿಗೆ ಕೊಟ್ಟ ಟೇಪು ಇತ್ತು. ಹಿಡಿ ಸೀಳಿದ ಸ್ಕ್ರೂಡ್ರೈವರ್ ಇತ್ತು. ಪೆನ್ಸಿಲ್ ಮಗಳ ಬಾಕ್ಸಲ್ಲಿತ್ತು. ಡ್ರಿಲ್ ಒಂದು ಸಿಕ್ಕರೆ ಮುಕ್ಕಾಲು ಕೆಲಸ ಆದಂತೆ ಅಂತ ನನ್ನ ಲೆಕ್ಕ. ಡ್ರಿಲ್ ಅಂದರೆ ಗಂಡಸರಿಗೆ ಏನೋ ಒಂದು ಸೆಳೆತ ಇರುತ್ತೆ, ಅಲ್ವಾ? ಅದಕ್ಕೆ ಕಾರಣವೂ ಇದೆ. ಪಿಸ್ತೂಲಿನ ಹಿಡಿ, ಬೆರಳಿಗೆ ಟ್ರಿಗರ್ ಇರುವ ಡ್ರಿಲ್ಲಿಗೆ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕ್ಕರ್ ಪೇಟೆಂಟ್ ಪಡೆದಿದ್ದು 1917ರಲ್ಲಿ. ನೂರು ವರ್ಷ ದಾಟಿದರೂ ಆ ಆಕಾರ ಬದಲಾಗಿಲ್ಲ. ಕೈಯಲ್ಲಿ ಹಿಡಿದ ಕೂಡಲೇ ಎಲ್ಲರೂ ಒಂದು ಸಲ ಗಾಳಿಯಲ್ಲಿ ಗುರ್ ಅನ್ನಿಸಿ ನೋಡುತ್ತಾರೆ. ನಾನೂ ನೋಡಿದೆ.

ಆದರೆ ನಾನು ಎಡವಿದ್ದು ಡ್ರಿಲ್ಲಿನಲ್ಲಲ್ಲ. ಅದಕ್ಕೂ ಹತ್ತು ದಿನ ಮೊದಲು, ಟೇಪಿನಲ್ಲಿ.

ಅವತ್ತು ಆರ್ಡರ್ ಕೊಡಲು ಅಳತೆ ತೆಗೆದುಕೊಂಡೆ. ಬ್ಲೈಂಡನ್ನು ಕಿಟಕಿಯ ಗೂಡಿನ ಒಳಗೇ ಕೂರಿಸುವುದು ಅಂತ ತೀರ್ಮಾನ ಮಾಡಿದ್ದೆ. ಫೋಟೋಗಳಲ್ಲೆಲ್ಲ ಹಾಗೇ ಇರುತ್ತದೆ, ಗೋಡೆಯಿಂದ ಹೊರಗೆ ಏನೂ ಚಾಚುವುದಿಲ್ಲ, ನೋಡಲು ಚೆಂದ. ಕಿಟಕಿಯ ಕೆಳಗಿನ ಕಲ್ಲಿನ ಮೇಲೆ ಟೇಪು ಎಳೆದೆ. 1,521 ಮಿಲಿಮೀಟರ್. ಎರಡನೇ ಸಲವೂ ಎಳೆದೆ, ಅಷ್ಟೇ ಬಂತು. ಬರೆದುಕೊಂಡೆ. ಮೇಲುಗಡೆಯೂ ಅಳೆಯಬೇಕು ಅಂತ ಗೊತ್ತಿತ್ತು. ಲಿಂಟಲ್, ಅಂದರೆ ಕಿಟಕಿಯ ಮೇಲಿನ ಕಾಂಕ್ರೀಟ್ ತೊಲೆ, ನೆಲದಿಂದ ಏಳು ಅಡಿ ಎತ್ತರದಲ್ಲಿದೆ. ಸ್ಟೂಲ್ ಅಡುಗೆಮನೆಯಲ್ಲಿ, ಅದರ ಮೇಲೆ ಅಕ್ಕಿ ಡಬ್ಬ. ಕಿಟಕಿ ಅಂದರೆ ಕಿಟಕಿ, ಕೆಳಗೆ ಒಂದು ಅಗಲ ಮೇಲೆ ಇನ್ನೊಂದು ಅಗಲ ಇರುತ್ತಾ ಅಂದುಕೊಂಡು ಆರ್ಡರ್ ಒತ್ತಿಬಿಟ್ಟೆ.

ಇರುತ್ತದೆ. ಯಾವಾಗಲೂ ಇರುತ್ತದೆ. ಗೋಡೆ ಕಟ್ಟಿ, ಫ್ರೇಮ್ ಕೂರಿಸಿ, ಸುತ್ತ ಗಾರೆ ಮಾಡಿ, ಅದರ ಮೇಲೆ ಪುಟ್ಟಿ ಎಳೆಯುತ್ತಾರೆ. ಗಾರೆಯವನ ಕೈ ಒಂದು ಕಡೆ ಸ್ವಲ್ಪ ಭಾರ ಬಿದ್ದರೆ ಮುಗಿಯಿತು, ಆ ಮೂಲೆ ನಾಲ್ಕೈದು ಮಿಲಿಮೀಟರ್ ದಪ್ಪ. ಅದು ಅವನ ತಪ್ಪೂ ಅಲ್ಲ. ಮುಂದೆ ಒಬ್ಬ ಅಲ್ಲಿ ಬಟ್ಟೆಯ ಕೊಳವೆ ಕೂರಿಸಲು ಬರುತ್ತಾನೆ ಅಂತ ಅವನಿಗೆ ಯಾರೂ ಹೇಳಿರುವುದಿಲ್ಲ.

ಪಾರ್ಸೆಲ್ ಬಂತು. ಆವತ್ತೇ ಮೂರನೇ ಮಹಡಿಯ ಅಂಕಲ್ ಹತ್ತಿರ ಡ್ರಿಲ್ ಕೇಳಲು ಹೋದೆ. ಅವರು ಎಚ್‌ಎಂಟಿಯಲ್ಲಿ ಟೂಲ್‌ರೂಮಲ್ಲಿ ಇದ್ದು ರಿಟೈರ್ ಆದವರು. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಇಂಥವರು ಇನ್ನೂ ಸಿಗುತ್ತಾರೆ. ಎಚ್‌ಎಂಟಿ, ಎಚ್‌ಎಎಲ್, ಐಟಿಐ ಅಂತ ಕಾರ್ಖಾನೆಗಳಲ್ಲಿ ಮೂವತ್ತು ವರ್ಷ ದುಡಿದು, ಮಿಲಿಮೀಟರನ್ನು ನೂರು ಭಾಗ ಮಾಡಿ ನೋಡಿದ ಕಣ್ಣು. ಅವರ ಮನೆಯಲ್ಲಿ ಚಮಚಗಳು ಕೂಡ ಸೈಜು ಪ್ರಕಾರ ಇರುತ್ತವೆ. ಡ್ರಿಲ್ ಕೊಡುವ ಮೊದಲು ಅಂಕಲ್ ಒಂದೇ ಪ್ರಶ್ನೆ ಕೇಳಿದರು. "ಅಳತೆ ಎಷ್ಟು ಕಡೆ ತಗೊಂಡ್ರಿ?"

"ಒಂದು ಕಡೆ ಅಂಕಲ್. ಎರಡು ಸಲ."

ಅವರು ಏನೂ ಹೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ನನ್ನ ಜೊತೆ ಬಂದುಬಿಟ್ಟರು.

ನಮ್ಮ ಮನೆಗೆ ಬಂದವರು ಮೊದಲು ಕೇಳಿದ್ದು ಸ್ಟೂಲ್. ಅಕ್ಕಿ ಡಬ್ಬ ಇಳಿಯಿತು. ಆಮೇಲೆ ನನ್ನ ಟೇಪು ನೋಡಿದರು. ತುದಿಯ ಕೊಕ್ಕೆ ಲೊಡಲೊಡ ಅಲ್ಲಾಡುತ್ತಿತ್ತು. "ಇದು ಲೂಸ್ ಆಗಿದೆ ಅಂಕಲ್, ಬೇರೆ ತಗೋಬೇಕು" ಅಂದೆ. ಅವರಿಗೆ ನಗು ಬಂತು. "ಅದು ಲೂಸ್ ಆಗಿರೋದಲ್ಲ. ಲೂಸ್ ಮಾಡಿರೋದು." ಕೊಕ್ಕೆಯ ತಗಡು ಸುಮಾರು ಒಂದು ಮಿಲಿಮೀಟರ್ ದಪ್ಪ ಇರುತ್ತದೆ. ಅದು ಅಷ್ಟೇ ದೂರ ಆಚೀಚೆ ಆಡುತ್ತದೆ. ಮೇಜಿನ ಅಂಚಿಗೆ ಸಿಕ್ಕಿಸಿ ಎಳೆದರೆ ಕೊಕ್ಕೆ ಮುಂದಕ್ಕೆ ಬರುತ್ತದೆ, ಅದರ ದಪ್ಪ ಲೆಕ್ಕಕ್ಕೆ ಸೇರುವುದಿಲ್ಲ. ಗೋಡೆಗೆ ಒತ್ತಿ ಅಳೆದರೆ ಹಿಂದಕ್ಕೆ ಹೋಗುತ್ತದೆ, ಆಗ ಅದರ ದಪ್ಪ ಸೇರುತ್ತದೆ. ಹೊರ ಅಳತೆಗೂ ಸರಿ, ಒಳ ಅಳತೆಗೂ ಸರಿ. ನನಗೆ ನಲವತ್ತೆರಡು ವರ್ಷ. ಅಲ್ಲಿಯವರೆಗೆ ಮೂರು ಟೇಪುಗಳನ್ನು ಕೊಕ್ಕೆ ಲೂಸ್ ಅಂತ ಬಿಸಾಕಿದ್ದೆ. ಒಂದಕ್ಕಂತೂ ಸುತ್ತಿಗೆಯಲ್ಲಿ ಹೊಡೆದು ರಿವೆಟ್ ಬಿಗಿ ಮಾಡಿದ್ದೆ.

ಇನ್ನೊಂದು ತೊಂದರೆಯನ್ನೂ ತೋರಿಸಿದರು. ಗೂಡಿನ ಒಳಗೆ ಅಳೆಯುವಾಗ ಟೇಪು ಆ ಕಡೆಯ ಮೂಲೆಯಲ್ಲಿ ಬಾಗುತ್ತದೆ. ಬಾಗಿದ ಕಡೆ ಎಷ್ಟು ಅಂತ ನಾವು ಅಂದಾಜಿನಲ್ಲಿ ಓದುತ್ತೇವೆ. ಅದಕ್ಕೆ ಅಂಕಲ್ ಬೇರೆ ಉಪಾಯ ಮಾಡಿದರು. ಮನೆಯಲ್ಲಿದ್ದ ಎರಡು ಮರದ ಬೀಡಿಂಗ್ ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು, ಒಂದರ ತುದಿ ಎಡಗೋಡೆಗೆ, ಇನ್ನೊಂದರ ತುದಿ ಬಲಗೋಡೆಗೆ ತಾಗುವವರೆಗೆ ಸರಿಸಿದರು. ನಡುವೆ ಬಟ್ಟೆ ಒಣಹಾಕುವ ಕ್ಲಿಪ್ ಹಾಕಿದರು. ಹಾಗೇ ಓರೆ ಮಾಡಿ ಹೊರಗೆ ತೆಗೆದು ನೆಲದ ಮೇಲಿಟ್ಟು ಅಳೆದರು. ಕೆಳಗೆ 1,521. ನಡುವೆ 1,518. ಮೇಲೆ, ಬ್ರಾಕೆಟ್ ಕೂರಬೇಕಾದ ಜಾಗದಲ್ಲಿ, 1,513.

ಎಂಟು ಮಿಲಿಮೀಟರ್. ಕಿರುಬೆರಳ ಉಗುರಿನಷ್ಟು. ಬ್ಲೈಂಡನ್ನು ಎತ್ತಿ ಹಿಡಿದು ನೋಡಿದೆವು. ಒಂದು ತುದಿ ಒಳಗೆ ಹೋಗುತ್ತದೆ, ಇನ್ನೊಂದು ಪುಟ್ಟಿ ಕೆರೆದುಕೊಂಡು ಹೊರಗೇ ನಿಲ್ಲುತ್ತದೆ. ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಏನೂ ಅನ್ನಲಿಲ್ಲ. ಅಕ್ಕಿ ಡಬ್ಬ ಮಾತ್ರ ಸ್ವಲ್ಪ ಸದ್ದು ಮಾಡಿಯೇ ಇಟ್ಟಳು.

ಕೊಳವೆ ಕತ್ತರಿಸಬಹುದು ಅಂದರು ಅಂಕಲ್. ಹ್ಯಾಕ್ಸಾದಲ್ಲಿ ಅಲ್ಯೂಮಿನಿಯಂ ಸಲೀಸಾಗಿ ಕುಯ್ಯುತ್ತದೆ, ಕೆಳಗಿನ ಪಟ್ಟಿಯನ್ನೂ ಅಷ್ಟೇ ಕುಯ್ಯಬೇಕು, ಬಟ್ಟೆಯನ್ನು ಕಟರ್‌ನಲ್ಲಿ ಒಂದೇ ಎಳೆತಕ್ಕೆ ನೇರವಾಗಿ ಸೀಳಬೇಕು. ಅವರ ಕೈಗೆ ಆಗುತ್ತಿತ್ತು. ನನಗೆ ಧೈರ್ಯ ಬರಲಿಲ್ಲ. ಹಾಗಾದರೆ ಗೂಡಿನ ಒಳಗೆ ಬೇಡ, ಹೊರಗೆ ಗೋಡೆಗೇ ಹಾಕೋಣ ಅಂತಾಯಿತು.

ಆಗ ನನಗೆ ನೆನಪಾಗಿದ್ದು ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜನ ಮನೆ. ಮಳೆ ಹಿಡಿಯುವ ಮೊದಲು ಜಗಲಿಯ ಸುತ್ತ ತಟ್ಟಿ ಕಟ್ಟುತ್ತಿದ್ದರು. ಅಡಿಕೆ ದಬ್ಬೆಯ ಚೌಕಟ್ಟು, ಅದಕ್ಕೆ ಹೆಣೆದ ಸೋಗೆ. ಗಾಳಿ ಎತ್ತ ತಿರುಗಿದರೂ ಇರಚಲು ಒಳಗೆ ಬರಬಾರದು, ಅಷ್ಟೇ ಉದ್ದೇಶ. ಅಜ್ಜನ ಹತ್ತಿರ ಇದ್ದ ಸಲಕರಣೆ ಒಂದು ಕತ್ತಿ, ಸೊಂಟದ ಕೊಕ್ಕೆಯಲ್ಲಿ. ಟೇಪು ಇಲ್ಲ, ಮಟ್ಟ ಇಲ್ಲ. ಕಂಬದಿಂದ ಕಂಬಕ್ಕೆ ಎಷ್ಟು ಮೊಳ ಅಂತ ನೋಡಿ, ಅದಕ್ಕಿಂತ ಒಂದು ಮೊಳ ಜಾಸ್ತಿಯೇ ತಟ್ಟಿ ಮಾಡುತ್ತಿದ್ದರು. ಎರಡೂ ಕಡೆ ಕಂಬ ದಾಟಿ ಚಾಚಿಕೊಂಡಿರುತ್ತಿತ್ತು. ಕಂಬ ಓರೆ ಇದ್ದರೂ ನಡೆಯುತ್ತಿತ್ತು, ಮಾಡು ತಗ್ಗಿದರೂ ನಡೆಯುತ್ತಿತ್ತು. ಹಗ್ಗ ಬಿಗಿದು ಕಟ್ಟಿದರೆ ಮುಗಿಯಿತು. ಮಳೆಗಾಲ ಮುಗಿದ ಮೇಲೆ ಬಿಚ್ಚಿ ಬಚ್ಚಲ ಒಲೆಗೆ.

ಇಷ್ಟು ಕಲಿತ ಮೇಲೆ ನನಗನ್ನಿಸುವುದು ಇದು. ನಮ್ಮ ಮನೆಗಳ ಕಿಟಕಿಗೆ ಗೂಡಿನೊಳಗೆ ಕೂರುವ ಬ್ಲೈಂಡ್ ಸರಿಹೋಗುವುದಿಲ್ಲ. ಗೂಡು ನೆಟ್ಟಗಿರುವುದಿಲ್ಲ ಅನ್ನುವುದು ಒಂದು. ಎಷ್ಟೋ ಮನೆಗಳಲ್ಲಿ ಒಳಗಡೆಗೇ ಗ್ರಿಲ್ ಇರುತ್ತದೆ, ಸೊಳ್ಳೆಪರದೆಯ ಚೌಕಟ್ಟು ಇರುತ್ತದೆ, ಅವುಗಳ ಹಿಡಿಗಳು ಮುಂದೆ ಚಾಚಿರುತ್ತವೆ. ಬಟ್ಟೆ ಇಳಿಯುವಾಗ ಒಂದಲ್ಲ ಒಂದಕ್ಕೆ ಸಿಕ್ಕಿಕೊಳ್ಳುತ್ತದೆ. ಅದರ ಮೇಲೆ ರೋಲರ್ ಬ್ಲೈಂಡಿನ ಬಟ್ಟೆ ಬ್ರಾಕೆಟ್ಟಿನಿಂದ ಬ್ರಾಕೆಟ್ಟಿನ ಅಳತೆಗಿಂತ ಕಿರಿದು. ನಮ್ಮದರಲ್ಲಿ 35 ಮಿಲಿಮೀಟರ್ ಕಮ್ಮಿ. ಅಂದರೆ ಎಷ್ಟೇ ಕರಾರುವಾಕ್ಕಾಗಿ ಕೂರಿಸಿದರೂ ಎರಡು ಪಕ್ಕದಲ್ಲಿ ಬೆರಳು ತೂರುವಷ್ಟು ಸಂದಿ ಇದ್ದೇ ಇರುತ್ತದೆ. ತಟ್ಟಿಯ ಹಾಗೆ ಗೋಡೆಯ ಮೇಲೆ, ಕಿಟಕಿಗಿಂತ ಎರಡೂ ಕಡೆ ನಾಲ್ಕು ನಾಲ್ಕು ಇಂಚು ದೊಡ್ಡದಾಗಿ ಹಾಕಿದರೆ ಈ ಯಾವ ತಾಪತ್ರಯವೂ ಇಲ್ಲ. ನೋಡಲು ಸ್ವಲ್ಪ ಒರಟು. ಇರಲಿ.

ತಟ್ಟಿಗೆ ಇನ್ನೊಂದು ಜಾಣತನವೂ ಇತ್ತು, ಅದನ್ನು ಬ್ಲೈಂಡ್ ಮಾರುವವರು ಹೇಳುವುದು ಅಪರೂಪ. ತಟ್ಟಿ ಮನೆಯ ಹೊರಗಿರುತ್ತದೆ. ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ಬಟ್ಟೆ ಅಡ್ಡ ಹಿಡಿದರೆ ಕಣ್ಣಿಗೆ ನೆರಳು ಸಿಗುತ್ತದೆ, ಆದರೆ ಶಾಖ ಹೆಚ್ಚಿನಂಶ ಒಳಗೇ ಉಳಿಯುತ್ತದೆ. ಗಾಜಿನ ಹೊರಗೇ ತಡೆದರೆ ಮಾತ್ರ ಕೋಣೆ ತಂಪು. ಲಾವಂಚದ ತಟ್ಟಿಗೆ ನೀರು ಚಿಮುಕಿಸಿ ಬಾಗಿಲಿಗೆ ಕಟ್ಟುತ್ತಿದ್ದವರಿಗೆ ಇದು ಗೊತ್ತಿತ್ತು. ಐದನೇ ಮಹಡಿಯ ಫ್ಲ್ಯಾಟಿನಲ್ಲಿ ಹೊರಗೆ ತಟ್ಟಿ ಕಟ್ಟಲು ಅಸೋಸಿಯೇಷನ್‌ನವರು ಬಿಡುವುದಿಲ್ಲ. ಹಾಗಾಗಿ ಗಾಜಿನ ಕಡೆ ಬಿಳಿ ಬಣ್ಣ ಇರುವ ಬಟ್ಟೆ ಆರಿಸಿಕೊಂಡು ಸಮಾಧಾನ ಮಾಡಿಕೊಂಡೆವು. ಬಂದ ಬಿಸಿಲಲ್ಲಿ ಒಂದಿಷ್ಟನ್ನಾದರೂ ಅದು ವಾಪಸ್ ಕಳಿಸುತ್ತದೆ.

ಇನ್ನು ಡ್ರಿಲ್ಲಿನ ಸರದಿ. ಭಾನುವಾರ ಮಧ್ಯಾಹ್ನ ನಮ್ಮ ಬಿಲ್ಡಿಂಗಿನಲ್ಲಿ ಸದ್ದು ಮಾಡುವಂತಿಲ್ಲ, ಬೆಳಗ್ಗೆ ಹತ್ತಕ್ಕೇ ಶುರು ಮಾಡಿದೆವು. ಬಿಟ್ಟು 6 ಮಿಲಿಮೀಟರಿನದು, ತುದಿಯಲ್ಲಿ ಕಾರ್ಬೈಡ್ ತುಣುಕು ಇರುವ ಗೋಡೆಯ ಬಿಟ್ಟು. ಮರದ ಬಿಟ್ಟನ್ನು ಗೋಡೆಗೆ ಹಾಕಿದರೆ ಎರಡೇ ನಿಮಿಷದಲ್ಲಿ ತುದಿ ಮೊಂಡಾಗುತ್ತದೆ. ಪ್ಲಗ್ಗನ್ನು ಬಿಟ್ಟಿನ ಪಕ್ಕ ಹಿಡಿದು, ಅದಕ್ಕಿಂತ ಒಂದು ಕಾಳಿನಷ್ಟು ಮೇಲೆ ನೀಲಿ ಟೇಪು ಸುತ್ತಿದರು ಅಂಕಲ್. ಟೇಪು ಗೋಡೆ ಮುಟ್ಟಿದರೆ ಸಾಕು, ನಿಲ್ಲಿಸು ಅಂತ. ತೂತಿನ ಕೆಳಗೆ ಒಂದು ಹಳೇ ಮದುವೆ ಕಾಗದದ ಕವರನ್ನು ಬಾಯಿ ಬಿಡಿಸಿ ಅಂಟಿಸಿದರು, ಧೂಳು ಸೋಫಾ ಮೇಲೆ ಬೀಳದ ಹಾಗೆ. ಕಣ್ಣಿಗೆ ಕನ್ನಡಕ ಕಡ್ಡಾಯ. ತಲೆ ಎತ್ತಿ ತೂತು ಹೊಡೆಯುವಾಗ ಪುಡಿ ನೇರ ಮುಖಕ್ಕೇ ಬರುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಆ ಪುಡಿ. ಅಂಕಲ್ ಅದನ್ನು ಓದುತ್ತಿದ್ದರು. ಮೊದಲು ಬೆಳ್ಳಗೆ ಬಂತು, ಹಿಟ್ಟಿನ ಹಾಗೆ. "ಪುಟ್ಟಿ." ಆಮೇಲೆ ಬೂದಿ ಬಣ್ಣ, ಸ್ವಲ್ಪ ಮರಳು ಮರಳಾಗಿ. "ಗಾರೆ. ಇದು ಹಿಡಿತ ಕೊಡಲ್ಲ, ಇನ್ನೂ ಒಳಗೆ ಹೋಗ್ಬೇಕು." ಹಳೇ ಮನೆಯಾದರೆ ಇಲ್ಲಿಂದ ಮುಂದೆ ಕೆಂಪು ಬರುತ್ತದೆ, ಇಟ್ಟಿಗೆ. ನಮ್ಮದು ಲಿಂಟಲ್, ಹಾಗಾಗಿ ಬೂದಿ ಬಣ್ಣವೇ ಮುಂದುವರಿಯಿತು, ಆದರೆ ನುಣ್ಣಗೆ, ಬಿಸಿಯಾಗಿ. ಡ್ರಿಲ್ಲಿನ ಸದ್ದೂ ಬದಲಾಯಿತು. ಎರಡನೇ ತೂತಿನಲ್ಲಿ ಕೀ ಅಂತ ಕಿರುಚಿತು. ಒತ್ತಿದರೂ ಒಳಗೆ ಹೋಗುತ್ತಿಲ್ಲ. ನಾನು ಇನ್ನೂ ಜೋರಾಗಿ ಒತ್ತಲು ಹೋದೆ. ಅಂಕಲ್ ಸ್ವಿಚ್ಚೇ ಆಫ್ ಮಾಡಿದರು. ಕವರಿನ ತಳದಲ್ಲಿ ಬೂದಿಯ ಜೊತೆ ಮಿಣ ಮಿಣ ಹೊಳೆಯುವ ಕಣಗಳಿದ್ದವು. "ಕಂಬಿ ಸಿಕ್ತು. ಅದು ನಿಮ್ಮ ಮನೆ ಹೊತ್ತಿರೋ ಕಂಬಿ. ಅದರ ಜೊತೆ ಜಗಳ ಬೇಡ, ಒಂದಿಂಚು ಪಕ್ಕಕ್ಕೆ ಬನ್ನಿ."

ಪ್ಲಗ್ಗಿಗೂ ಒಂದು ಕಥೆ ಇದೆ. ನಾವು ಅಂಗಡಿಯಲ್ಲಿ ಯಾವ ಕಂಪನಿಯದಾದರೂ ರಾಲ್ ಪ್ಲಗ್ ಅಂತಲೇ ಕೇಳುತ್ತೇವೆ. ಅದು ರಾಲಿಂಗ್ಸ್ ಅನ್ನುವ ಇಂಗ್ಲಿಷ್ ಕಂಟ್ರಾಕ್ಟರ್ ಹೆಸರು. 1910ರ ಸುಮಾರಿಗೆ ಬ್ರಿಟಿಷ್ ಮ್ಯೂಸಿಯಂನಲ್ಲಿ ಗೋಡೆ ಕೆಡದಂತೆ ಕರೆಂಟ್ ಸಾಮಾನು ಕೂರಿಸುವ ಕೆಲಸ ಅವನಿಗೆ ಬಂತು. ಅದಕ್ಕೂ ಮೊದಲು ಎಲ್ಲರೂ ಮಾಡುತ್ತಿದ್ದುದು ಒಂದೇ. ಗೋಡೆಯಲ್ಲಿ ದೊಡ್ಡ ತೂತು ಕೊರೆದು, ಮರದ ಗೂಟ ಬಡಿದು, ಅದಕ್ಕೆ ಸ್ಕ್ರೂ ಹಾಕುವುದು. ರಾಲಿಂಗ್ಸ್ ಮಾಡಿದ ಮೊದಲ ಪ್ಲಗ್ಗು ಸೆಣಬಿನ ನಾರಿನದು, ಪ್ರಾಣಿಯ ರಕ್ತ ಹಾಕಿ ಗಟ್ಟಿ ಮಾಡಿದ್ದು. ಈಗಿನ ಪ್ಲಾಸ್ಟಿಕ್ ಪ್ಲಗ್ಗಿನ ಮೂಲ 1958ರಲ್ಲಿ ಜರ್ಮನಿಯ ಆರ್ಟುರ್ ಫಿಶರ್ ಮಾಡಿದ ನೈಲಾನ್ ಪ್ಲಗ್ಗು. ಸ್ಕ್ರೂ ಒಳಗೆ ಹೋದಂತೆ ಅದು ಹಿಗ್ಗಿ ತೂತಿನ ಗೋಡೆಯನ್ನು ಒತ್ತಿ ಹಿಡಿಯುತ್ತದೆ. ನನ್ನ ಕೈ ಅಲುಗಾಡಿ ಮೂರನೇ ತೂತು ಅಗಲವಾಯಿತು, ಪ್ಲಗ್ಗು ಹಾಕಿದರೆ ಸುತ್ತ ತಿರುಗುತ್ತಿತ್ತು. ನಾನು ಬೆಂಕಿಕಡ್ಡಿ ಹುಡುಕಿದೆ. ಅಂಕಲ್ ದೇವರ ಮನೆಗೆ ಹೋಗಿ ತೆಂಗಿನಕಾಯಿಯ ಜುಟ್ಟಿನಿಂದ ಒಂದಿಷ್ಟು ನಾರು ಕಿತ್ತು ತಂದು ಪ್ಲಗ್ಗಿಗೆ ಸುತ್ತಿ ಬಡಿದರು. ಬಿಗಿಯಾಗಿ ಕೂತಿತು. ರಾಲಿಂಗ್ಸ್ ಇದ್ದಿದ್ದರೆ ಗುರುತು ಹಿಡಿಯುತ್ತಿದ್ದ.

ರಸಮಟ್ಟ ಅವರದೇ, ಒಂಬತ್ತು ಇಂಚಿನದು. ಅದನ್ನೂ ಅವರು ಸುಮ್ನೆ ನಂಬಲಿಲ್ಲ. ಮೊದಲು ಕಲ್ಲಿನ ಮೇಲಿಟ್ಟು ಗುಳ್ಳೆ ಎಲ್ಲಿ ನಿಂತಿದೆ ನೋಡಿದರು. ಆಮೇಲೆ ಅದೇ ಜಾಗದಲ್ಲಿ ತಲೆಕೆಳಗಲ್ಲ, ಎಡದ ತುದಿ ಬಲಕ್ಕೆ ಬರುವಂತೆ ತಿರುಗಿಸಿಟ್ಟರು. ಎರಡು ಸಲವೂ ಗುಳ್ಳೆ ಒಂದೇ ಕಡೆ ನಿಂತರೆ ಮಟ್ಟ ಸರಿಯಿದೆ ಅಂತ. ಕಲ್ಲು ಓರೆ ಇದ್ದರೂ ಪರವಾಗಿಲ್ಲ, ಪರೀಕ್ಷೆ ನಡೆಯುತ್ತದೆ.

ಇಲ್ಲಿ ನಮ್ಮಿಬ್ಬರಿಗೆ ಸಣ್ಣ ವಾದವಾಯಿತು. ಲಿಂಟಲಿನ ಕೆಳಗಿನ ಅಂಚು ಬಲಕ್ಕೆ ಸ್ವಲ್ಪ ಇಳಿದಿದೆ. ಮಟ್ಟಕ್ಕೆ ಸರಿಯಾಗಿ ಬ್ಲೈಂಡ್ ಹಾಕಿದರೆ ಕಣ್ಣಿಗೆ ಬ್ಲೈಂಡೇ ಓರೆ ಅನ್ನಿಸುತ್ತದೆ. ಕಿಟಕಿಯ ಓರೆಗೇ ಹೊಂದಿಸೋಣ ಅಂದೆ. ಪರದೆಯಾದರೆ ಹಾಗೆ ಮಾಡಬಹುದು ಅಂದರು ಅವರು. ರೋಲರ್ ಹಾಗಲ್ಲ. ಕೊಳವೆ ಓರೆಯಾದರೆ ಬಟ್ಟೆ ಸುತ್ತಿಕೊಳ್ಳುತ್ತಾ ಒಂದು ಕಡೆಗೆ ಜರುಗುತ್ತಾ ಹೋಗಿ ಬ್ರಾಕೆಟ್ಟಿಗೆ ಉಜ್ಜುತ್ತದೆ, ಅಂಚು ಜುಂಗು ಜುಂಗಾಗುತ್ತದೆ. ಮಟ್ಟದ ಮಾತೇ ಗೆದ್ದಿತು. ಆದರೂ ನಮ್ಮ ಬಟ್ಟೆ ಮೇಲೆ ಹೋಗುವಾಗ ಎಡಕ್ಕೆ ಕಡ್ಡಿಯಷ್ಟು ಸರಿಯುತ್ತಿತ್ತು. ಪೂರ್ತಿ ಇಳಿಸಿ, ಕೊಳವೆಯ ಬಲತುದಿಗೆ ಮಾಸ್ಕಿಂಗ್ ಟೇಪಿನ ಒಂದು ತುಂಡು ಅಂಟಿಸಿದರು. ಆ ಕಡೆ ಕೊಳವೆ ಒಂದು ಕೂದಲಷ್ಟು ದಪ್ಪವಾಯಿತು, ಬಟ್ಟೆ ಸರಿದಾರಿಗೆ ಬಂತು.

ಕೊನೆಗೆ ಚೈನು. ಅದರ ಕೆಳಗಿನ ಕುಣಿಕೆಯನ್ನು ಗೋಡೆಗೆ ಬಿಗಿದು ಹಿಡಿಯಲು ಪಾರ್ಸೆಲ್ಲಿನಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ತುಂಡು, ಎರಡು ಸ್ಕ್ರೂ ಇರುತ್ತವೆ. ಬಹಳ ಮನೆಗಳಲ್ಲಿ ಅದು ಡಬ್ಬದಲ್ಲೇ ಉಳಿದುಬಿಡುತ್ತದೆ. ಇನ್ನೆರಡು ತೂತು ಯಾಕೆ ಅಂತ ಬೇಜಾರು. ನನಗೂ ಹಾಗೇ ಅನ್ನಿಸಿತ್ತು. ಆದರೆ ಸಡಿಲವಾಗಿ ನೇತಾಡುವ ಕುಣಿಕೆ ಪುಟ್ಟ ಮಕ್ಕಳ ಕುತ್ತಿಗೆಗೆ ಸಿಕ್ಕಿ ಪ್ರಾಣ ಹೋಗಿರುವುದು ಬೇರೆ ಬೇರೆ ದೇಶಗಳಲ್ಲಿ ಆಗಿದೆ. ಅದಕ್ಕೇ ಅಮೆರಿಕದಲ್ಲಿ ಅಂಗಡಿಯಲ್ಲಿ ರೆಡಿ ಸಿಗುವ ಬ್ಲೈಂಡುಗಳಿಗೆ ಹಗ್ಗವೇ ಇರಬಾರದು, ಇದ್ದರೂ ಕೈಗೆ ಎಟುಕಬಾರದು ಅಂತ 2018ರಲ್ಲಿ ನಿಯಮ ಬಂತು. ನಮ್ಮ ಕಿಟಕಿಯ ಕೆಳಗೆ ಸೋಫಾ. ನನ್ನ ತಂಗಿಯ ಮಗನಿಗೆ ಮೂರು ವರ್ಷ, ಬಂದಾಗಲೆಲ್ಲ ಆ ಸೋಫಾದ ಮೇಲೆ ನಿಂತೇ ರೋಡು ನೋಡುವುದು. ಇಡೀ ದಿನದಲ್ಲಿ ಆತುರ ಮಾಡದೆ ಹೊಡೆದ ತೂತುಗಳು ಆ ಎರಡೇ. ಚೈನನ್ನು ಜಗ್ಗಿ ನೋಡಿದೆ, ಬೆರಳೂ ತೂರದಷ್ಟು ಬಿಗಿಯಾಗಿತ್ತು.

ಬಾಡಿಗೆ ಮನೆಯವರು ಓನರ್ ಹತ್ತಿರ ಮೊದಲು ಕೇಳಿಕೊಳ್ಳಿ, ತೂತಿನ ಲೆಕ್ಕ ಅಡ್ವಾನ್ಸ್ ವಾಪಸ್ ಕೊಡುವಾಗ ಬರುತ್ತದೆ. ಅಂಟಿಸುವ ಹುಕ್ಕುಗಳ ಮೇಲೆ ಇಷ್ಟು ಭಾರದ ಬ್ಲೈಂಡ್ ನೇತುಹಾಕುವ ಧೈರ್ಯ ನನಗಂತೂ ಇಲ್ಲ. ಡ್ರಿಲ್ಲನ್ನು ಕೊಳ್ಳಬೇಕಾ ಅಂತ ಕೇಳಿದರೆ, ಬೇಡ. ವರ್ಷಕ್ಕೆ ಎರಡು ಸಲ ಬೇಕಾಗುವ ಸಾಮಾನು, ಬಿಲ್ಡಿಂಗಿನಲ್ಲಿ ಒಬ್ಬರ ಹತ್ತಿರ ಇದ್ದರೆ ಸಾಕು. ಬಿಟ್ಟು ಮಾತ್ರ ಹೊಸದು ತಂದು ಅವರಿಗೇ ಕೊಟ್ಟುಬಿಡಿ. ಟೇಪು ಮತ್ತು ಸ್ಟೂಲ್ ಸ್ವಂತದ್ದಿರಲಿ. ಸ್ಟೂಲಿನ ಮೇಲೆ ಅಕ್ಕಿ ಡಬ್ಬ ಇಡಬೇಡಿ.

ಆಮೇಲೆ ಬೆಡ್‌ರೂಮಿನ ಕಿಟಕಿಗೆ ಇನ್ನೊಂದು ತರಿಸಿದೆ. ಈ ಸಲ ತಟ್ಟಿಯ ಲೆಕ್ಕ, ಎರಡೂ ಕಡೆ ನಾಲ್ಕು ಇಂಚು ಜಾಸ್ತಿ. ನಲವತ್ತು ನಿಮಿಷದಲ್ಲಿ ಒಬ್ಬನೇ ಹಾಕಿದೆ. ಒಳಗೆ ಕತ್ತಲು ಕತ್ತಲು.

ಹಾಲ್‌ನದು ಮಾತ್ರ ಗೂಡಿನ ಅಳತೆಯ ಬ್ಲೈಂಡು, ಗೋಡೆಯ ಮೇಲೆ ಕೂತಿದೆ. ಬಟ್ಟೆ 1,486, ಕಿಟಕಿ 1,513. ಪೂರ್ತಿ ಇಳಿಸಿದರೂ ಎರಡು ಪಕ್ಕದ ಸಂದಿಯಿಂದ ಬಿಸಿಲು ತೂರಿ, ನಾಲ್ಕು ಗಂಟೆಯ ಹೊತ್ತಿಗೆ ನೆಲದ ಮೇಲೆ ಎರಡು ಬಿಳಿ ಗೆರೆ ಬೀಳುತ್ತವೆ. ಹೋದ ವಾರ ಅಂಕಲ್ ಕಾಫಿಗೆ ಬಂದಿದ್ದರು. ಲೋಟ ಹಿಡಿದುಕೊಂಡು ಬಹಳ ಹೊತ್ತು ಆ ಗೆರೆಗಳನ್ನೇ ನೋಡುತ್ತಿದ್ದರು.

"ಎಡಗಡೆದು ಸ್ವಲ್ಪ ದಪ್ಪ ಇದೆ ಅಲ್ವಾ?"

ನನಗೆ ಎರಡೂ ಒಂದೇ ಥರ ಕಂಡಿತು.

"ಸೆಂಟರ್ ಎರಡು ಮಿಲಿಮೀಟರ್ ತಪ್ಪಿದೀವಿ" ಅಂದವರು, ಲೋಟ ಕೆಳಗಿಟ್ಟು, ಜೇಬಿನಿಂದ ಟೇಪು ತೆಗೆದು, "ಸ್ಟೂಲ್ ತನ್ನಿ" ಅಂದರು.